ಅಪ್ಪನ ಗಾಡಿ ಕುಳ್ಳಗ ಮಾಡಿದ್ದು

ನಾನು ಏನರೆ ಚಂದ ಮಾಡ್ಲಿಕ್ಕಿ ಹೋದ್ರ ಸಾಕು, ಮನಿ ಮಂದಿ ಮಾರಿ ಮುಚ್ಕೊಂಡು ತಿರಗೂ ಹಂಗ ಆಗ್ತದ. ಹತ್ತನೇತ್ತ ಪಾಸಾಗಲಿಲ್ಲ, ಗಾಡಿ ಹೊಡಿಯೋದರೆ ಕಲೀಲಿ ಅಂತ ಅಪ್ಪ ಲೈಸೆನ್ಸ್ ಮಾಡಿಸಿಕೊಟ್ಟ. ಅಲ್ಲಿಂದ ಸುರು.

ಗಾಳಿ

ಹೈದರಾಬಾದಿನ ಹುಡುಗ್ರು ಕಾರು ನೆಲಕ್ಕ ಹತ್ತೂ ಹಂಗ ಇಳಿಸಿಕೊಂಡು ತಿರಗತಿದ್ರು. ಅಪ್ಪ ಊರಾಗ ಇಲ್ಲದಾಗ ನಾನೂ ನಮ್ಮ ಹಳೀ ಕಾರು ಕಪನೂರಿನ ಗ್ಯಾರೇಜಿಗಿ ಒಯ್ದು, ಇದ್ದ ಸ್ಪ್ರಿಂಗ್ ತೆಗಸಿ ಗಿಡ್ಡ ಸ್ಪ್ರಿಂಗ್ ಹಾಕಿಸಿದೆ.

"ದೇಖೋ ಬೇಟಾ, ಗಾಡಿ ಶೇರ್ ಆಗ್ತದ, ಹುಲಿ! ಆದ್ರ ಈ ಶೇರಿನ ಹೊಟ್ಟಿ ನೆಲಕ್ಕ ತಾಗ್ತದ" ಅಂದ ಮಿಸ್ತ್ರಿ ಚಾಚಾ.

ಅಪ್ಪ ಬಂದವನೇ ಗಾಡಿ ನೋಡಿ, ಒಳಗ ಹೋಗಿ ಪಂಪ್ ತಂದ. "ನಾಲ್ಕೂ ಗಾಲಿ ಗಾಳಿ ಹೋಗ್ಯದ, ನೋಡ್ಕೋತ ನಿಂತಿಯೇನ್ಲೇ?"

ಬೆವರು ಸುರಿಸ್ಕೋತ ಹೊಡದೇ ಹೊಡದ. ಗಾಡಿ ಏರಲಿಲ್ಲ.

"ಇನ್ನೊಂದೀಟು ಹೊಡಿಯಪ್ಪ" ಅಂದೆ.

ನಿಜ ಗೊತ್ತಾದ ಮ್ಯಾಲ ಪಂಪ್ ನನ್ನ ಬೆನ್ನಿಗಿ ಬಂತು. ಹಳೀ ಸ್ಪ್ರಿಂಗ್ ವಾಪಸ್ ಹಾಕಸೋಣಂದ್ರ ಚಾಚಾ ಅವನ್ನ ಬ್ಯಾರೆ ಗಾಡಿಗಿ ಹಾಕಿಬಿಟ್ಟಿದ್ದ.

ಆಯಿ

ಮನ್ಯಾಗ ಖುಷಿಯಾದಾಕಿ ಆಯಿ ಒಬ್ಬಾಕೀನೇ. "ನನ್ನ ಮೊಣಕಾಲು ಬ್ಯಾನಿ ನೋಡಿ ಮೊಮ್ಮಗ ಗಾಡೀನೇ ತಗ್ಗಿಸ್ಯಾನ!"

ಗುಡಿಗಿ ಹೊಂಟ್ವಿ. ಆಯಿ ಗಾಡ್ಯಾಗ ದಪ್ ಅಂತ ಕುಂತ್ಲು. ಗುಡಿ ಮುಂದ ಏಳಲಿಕ್ಕಿ ಬರವಲ್ದು. ನಾನು ಒಂದು ಕೈ, ಹೂವು ಮಾರಾಕಿ ಒಂದು ಕೈ ಹಿಡಿದು ಜಗ್ಗಿದ್ವಿ. ಹೊರಗ ಬಂದಿದ್ದು ಚಪ್ಪಲಿ ಅಷ್ಟೇ. ಮಂದಿ ಕೂಡಿದ್ರು.

ಆಯಿ ಉಸಿರು ಬಿಟ್ಟು ಅಂದ್ಲು: "ಇರ್ಲಿ ಬಿಡು. ದೇವರಿಗೇ ಇಲ್ಲಿಗಿ ಬರ್ಲಿಕ್ಕಿ ಹೇಳು."

ಕಮಲಾಪುರದವರು

ಅಕ್ಕಗ ಎರಡು ಸಂಬಂಧ ತಪ್ಪಿಹೋಗಿದ್ವು. ಮೂರನೇದು ಕಮಲಾಪುರದ್ದು. ಇದರೆ ಕೂಡ್ಲಿ ಅಂತ ಅವ್ವ ಉಪವಾಸ ಹಿಡಿದಿದ್ಲು. "ಮರ್ಯಾದಿಲೆ ಕುಂಡ್ರಿಸ್ಕೊಂಡು ಬಾ" ಅಂತ ಅಪ್ಪ ಹೆಣ್ಣು ನೋಡಾವ್ರನ್ನ ಕರೀಲಿಕ್ಕಿ ಅದೇ ಗಾಡಿ ಕೊಟ್ಟು ನನ್ನ ಕಳಿಸಿದ.

ಹುಡುಗ, ಅವರಪ್ಪ, ಅವರವ್ವ, ಇವರೆಲ್ಲರ ತೂಕದ ಒಬ್ಬ ಸೋದರಮಾವ, ಡಿಕ್ಕ್ಯಾಗ ಕೆಂಪು ಬಾಳಿಗೊನಿ. ರೋಡಿಗಿ ಅಡ್ಡ ಇದ್ದ ಮೊದಲನೇ ಹಂಪಿಗೇ ಹೊಟ್ಟಿ ತಾಗಿ ಘರ್ರ್ ಅಂತು, ಗಾಡಿ ನಿಂತಿತು.

"ಒಂದೀಟು ಇಳೀತೀರೇನ್ರೀ?"

ಇಳಿದ್ರು, ದಾಟಿಸಿದೆ, ಹತ್ತಿದ್ರು. ಮುಂದಿನ ಹಂಪಿಗಿ ಮತ್ತ ಅದೇ. ಸಾಲಿ ಮುಂದಿನ ಹಂಪಿನ್ಯಾಗ ಹುಡುಗ್ರು ಚಪ್ಪಾಳಿ ಹೊಡದ್ರು. ನನ್ನ ಮಾರಿ ಬಾಳಿಹಣ್ಣಿಗಿಂತ ಕೆಂಪಾತು.

"ತಮ್ಮಾ, ನೀ ನಮ್ಮನ್ನ ಕರ್ಕೊಂಡು ಹೊಂಟೀಯೋ, ನಾವು ನಿನ್ನ ಗಾಡಿ ಕರ್ಕೊಂಡು ಹೊಂಟೀವೋ?" ಅಂದ್ರು ಸೋದರಮಾವ.

ಜೇವರ್ಗಿ ಕಾಲೋನ್ಯಾಗ ನಮ್ಮ ಗೇಟಿನ ಮುಂದಿನ ಗಟಾರದ ಕಲ್ಲಿನ ಮ್ಯಾಲ ಗಾಡಿ ಹೊಟ್ಟಿ ಹಚ್ಚಿ ಕುಂತೇ ಬಿಡ್ತು. ಹುಡುಗ ಇಳಿದು ಹಿಂದಿಂದ ದಬ್ಬಾಕತ್ತಿದ. ಚಾದ ತಾಟು ಹಿಡಿದು ತಲಿ ತಗ್ಗಿಸಿ ಬರಬೇಕಾದ ಅಕ್ಕ ಕಿಟಕ್ಯಾಗ ನೋಡಿದಳು. ತಾಟು ಇಟ್ಟು, ಸೆರಗು ಕಟ್ಟಿ ಬಂದು ಅವನ ಬಾಜೂಕ ಹೆಗಲು ಕೊಟ್ಟಳು. ಗಾಡಿ ಏರಿತು. ಇಬ್ಬರ ಮಾರಿಗೂ ಕೆಸರು. ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವ್ವ ಬಾಗಲದಾಗ ಹಣಿ ಬಡಕೊಂಡ್ಲು.

ಸೋದರಮಾವ ಧೋತ್ರ ಝಾಡಿಸಿ ಅಪ್ಪಗ ಅಂದ್ರು: "ಹುಡುಗಿ ಪಸಂದ್ರೀ. ಖರೆ ಮದುವಿಗಿ ಈ ಗಾಡಿ ಕಳಿಸಬ್ಯಾಡ್ರಿ. ನಾವು ಬಸ್ಸಿಗಿ ಬರ್ತೀವಿ, ಅದ್ರಾಗರೆ ಕುಂತು ಬರಬಹುದು."

ಎಲ್ಲಾರೂ ನನ್ನ ಕಡಿ ತಿರುಗಿದ್ರು. ಗಾಡಿ ಬುಡಕ ಹೊಕ್ಕು ಅಡಗಬೇಕಂದೆ. ಅಲ್ಲಿ ಜಾಗಾನೇ ಇಟ್ಟಿರಲಿಲ್ಲ ನಾ.