ಗೊಬ್ಬರದಂಗಡಿಯವನ ಸಮುದ್ರ

ಹಗಲೆಲ್ಲ ಹನೂರಿನ ಅಂಗಡಿಯಲ್ಲಿ ಕೂತು ಗೊಬ್ಬರ ಮಾರಿ, ಸಂಜೆ ಕೊಳ್ಳೇಗಾಲದ ಮನೆಗೆ ಬಂದು ಅದೇ ಗೊಬ್ಬರವನ್ನು ನೀರಿನಿಂದ ತೆಗೆಯಲು ಒದ್ದಾಡುವವನ ಬಾಳಲ್ಲಿ ವಾರಕ್ಕೊಂದಾದರೂ ನಗೆಪಾಟಲು ತಪ್ಪಿದ್ದಲ್ಲ. ನಮ್ಮ ನಡುಮನೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿಯಿದೆ. ಅದರೊಳಗೆ ಉಪ್ಪುನೀರು, ಎರಡು ಕಿತ್ತಳೆ ಬಣ್ಣದ ಮೀನು, ಒಂದು ಹವಳ. ಹವಳವೆಂದರೆ ಉಂಗುರದ ಕಲ್ಲಲ್ಲ, ಜೀವಂತ ಪ್ರಾಣಿ. ಬಂಡೆಗೆ ಅಂಟಿಕೊಂಡು ಹಸಿರು ಬೆರಳುಗಳನ್ನು ನೀರಲ್ಲಿ ಆಡಿಸುತ್ತಿರುತ್ತದೆ. ಮೀನು ತಿಂದುಳಿಸಿದ್ದು ಕೊಳೆತರೆ ನೀರಲ್ಲಿ ನೈಟ್ರೇಟು, ಫಾಸ್ಫೇಟು ಏರುತ್ತವೆ. ನಮ್ಮ ಭತ್ತಕ್ಕೆ ಅಮೃತವಾದದ್ದು ಮಿತಿಮೀರಿದರೆ ಹವಳಕ್ಕೆ ವಿಷ. ಈ ಮಳೆಗಾಲದಲ್ಲಿ ಅದು ಬೆರಳೆಲ್ಲ ಮುದುಡಿಕೊಂಡು ಕೂತುಬಿಟ್ಟಿತು. ಮೂರು ವರ್ಷ ಸಾಕಿದ ಜೀವ. ಸತ್ತೇಹೋಗುತ್ತದೇನೋ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಫೋನಿನಲ್ಲಿ ಆಡಿದ ಮಾತು

ಹವಳ ಕೊಟ್ಟ ಬೆಂಗಳೂರಿನ ಅಂಗಡಿಯವರಿಗೆ ನಮ್ಮ ಅಂಗಡಿಯಿಂದಲೇ ಫೋನ್ ಮಾಡಿದೆ. ಎದುರಿಗೆ ಬಂಡಳ್ಳಿಯ ಗಿರಾಕಿಯೊಬ್ಬರು ಡಿಎಪಿ ಎಂಬ ಫಾಸ್ಫೇಟ್ ಗೊಬ್ಬರದ ಮೂಟೆಗಳನ್ನು ಆಟೊಗೆ ಹಾಕಿಸುತ್ತಿದ್ದರು. ನಾನು ದುಃಖದಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ: "ಫಾಸ್ಫೇಟ್ ವಿಪರೀತ ಆಗೋಗದೆ ಸಾರ್. ಇನ್ನೊಂದ್ ಚೂರು ಬಿದ್ರೂ ಸತ್ತೋಯ್ತದೆ, ಉಳಿಯಾಕಿಲ್ಲ."

ಫೋನ್ ಇಟ್ಟು ನೋಡಿದರೆ ಮೂಟೆಗಳು ಆಟೊದಿಂದ ಕೆಳಗಿಳಿಯುತ್ತಿವೆ.

"ಯಾಕಣ್ಣ?"

"ಸತ್ತೋಯ್ತದೆ ಅಂತ ನೀವೇ ಅಂದ್ರಲ್ಲಾ ಸಾ. ಗೊತ್ತಿದ್ದೂ ನಂಗ್ಯಾಕ್ ಮಾರ್ತೀರಿ?"

"ಅಯ್ಯೋ, ಅದು ನಮ್ಮನೆ ಹವಳದ ವಿಷ್ಯ ಕಣಣ್ಣ" ಎಂದು ತೊಟ್ಟಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಗೊಬ್ಬರದ ಅಂಗಡಿ ಮಡಗಿದ್ದೀರಿ, ಅದಕ್ಕೆ ಡಿಎಪಿ ಆಕ್ಬಾರ್ದು ಅಂತ ಗೊತ್ತಾಗ್ನಿಲ್ವಾ ಸಾ?"

ಹಳೇ ನೀರಿನ ಗಿರಾಕಿ

ನೈಟ್ರೇಟ್ ಇಳಿಸಲು ಮೊದಲ ಮದ್ದೆಂದರೆ ವಾರವಾರ ಎರಡು ಬಕೆಟ್ ಹಳೇ ನೀರು ತೆಗೆದು ಹೊಸ ಉಪ್ಪುನೀರು ಹಾಕುವುದು. ಒಂದು ಭಾನುವಾರ ಹಾಗೆ ತೆಗೆಯುತ್ತಿದ್ದಾಗ ಲೊಕ್ಕನಹಳ್ಳಿಯ ರೈತರೊಬ್ಬರು ಮನೆಗೇ ಬಂದರು. ನೈಟ್ರೇಟ್ ಪರೀಕ್ಷೆಯ ಗಾಜಿನ ಕೊಳವೆಯಲ್ಲಿ ನೀರು ಕೆಂಪಗಾಗಿತ್ತು. ಏನೆಂದು ಕೇಳಿದರು, ಗೊಬ್ಬರದಂಶ ಜಾಸ್ತಿಯಾಗಿದೆ, ಚೆಲ್ಲುತ್ತಿದ್ದೇನೆ ಅಂದೆ.

"ಚೆಲ್ಬ್ಯಾಡಿ ಸಾ! ನಂಗ್ ಕೊಡಿ, ಅರಿಸ್ನಕ್ಕೆ ಉಯ್ತೀನಿ."

"ಉಪ್ಪುನೀರು ಕಣಯ್ಯ. ಬೆಳೆಯೆಲ್ಲ ಸುಟ್ಟೋಯ್ತದೆ."

"ಅಂಗಾರೆ ಬೇಲಿ ಮಗ್ಗುಲಿಗೆ ಉಯ್ತೀನಿ, ಕಾಡಂದಿ ಬರಾಕಿಲ್ಲ."

"ಹಂದಿ ಇರಲಿ, ಉಪ್ಪಿನ ರುಚಿಗೆ ಆನೆ ಬಂದ್ರೆ?"

ಅವರು ಬಕೆಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಮುಖ ಅರಳಿತ್ತು.

"ಆದ್ರೂ ಕೊಡಿ ಸಾ. ನಮ್ ದಾಯಾದಿ ಒಲ ಪಕ್ಕದಲ್ಲೇ ಅದೆ."

ಗಾಜಿನ ಮೇಲಿನ ಚೀಟಿ

ನೀರು ಬದಲಾಯಿಸಿದರೂ ಕೊಳವೆ ಮತ್ತೆ ಮತ್ತೆ ಕೆಂಪಗಾಯಿತು. ಯಾರೋ ಕದ್ದು ತಿಂಡಿ ಹಾಕುತ್ತಿದ್ದಾರೆ ಎಂದು ನನಗೆ ಅನುಮಾನ. ನಮ್ಮ ಮೀನುಗಳೂ ಸಾಚಾ ಅಲ್ಲ. ಹೊಟ್ಟೆ ತುಂಬಿದ್ದರೂ ಯಾರಾದರೂ ಎದುರಿಗೆ ನಿಂತರೆ ಸಾಕು, ಗಾಜಿಗೆ ಬಂದು ಬಾಯಿ ಬಿಡುತ್ತವೆ. ಅದಕ್ಕೇ 'ಮೀನಿಗೆ ಏನೂ ಹಾಕಬೇಡಿ' ಎಂದು ಚೀಟಿ ಅಂಟಿಸಿದೆ.

ಮೊಸರಿಗೆ ಹೆಪ್ಪು ಕೇಳಲು ಬಂದ ಎದುರುಮನೆಯ ಅಕ್ಕ ಅದನ್ನು ಓದಿ ಹೆಪ್ಪನ್ನೂ ಮರೆತು ಹೊರಟರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ನಾನು ಮೀನುಗಳನ್ನು ಉಪವಾಸ ಕೆಡವಿದ್ದೇನಂತೆ. ಮಾರನೇ ದಿನ ಆ ಅಕ್ಕನೇ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದರು. ಒಬ್ಬರ ಸೆರಗಲ್ಲಿ ಕಡ್ಲೆಪುರಿ, ಒಬ್ಬರ ಕೈಯಲ್ಲಿ ಇಡ್ಲಿ ಚೂರು. ಹಾಕಲು ಬಿಡುವುದಿಲ್ಲವೆಂದು ತೊಟ್ಟಿಗೆ ಅಡ್ಡ ನಿಂತೆ. ಅಕ್ಕ ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸಿ ಉಳಿದವರಿಗೆ ಹೇಳಿದರು:

"ಆ ಮೀನ್ಗಳ ಪಾಲು ಎಲ್ಲೋಯ್ತಾ ಅದೆ ಅಂತ ಗೊತ್ತಾಯ್ತಲ್ಲಾ, ನಡೀರಿ."

ಅವ್ವ ಬಂದ ದಿನ

ನಮ್ಮವ್ವ ನಮ್ಮ ಜೊತೆಯಲ್ಲೇ ಇರುವುದು. ಈ ಗಲಾಟೆಯ ನಡುವೆ ಅವಳು ಯಳಂದೂರಿನ ತನ್ನ ತಮ್ಮನ ಮನೆಗೆ ಹತ್ತು ದಿನಕ್ಕೆಂದು ಹೋದಳು. ನಾನು ಬೆಂಗಳೂರಿನವರು ಹೇಳಿದ ಹೊಸ ಫಿಲ್ಟರು ತರಿಸಿ ಹಾಕಿದೆ. ವಾರ ಕಳೆಯುವಷ್ಟರಲ್ಲಿ ಕೊಳವೆಯ ಕೆಂಪು ಇಳಿದು ತಿಳಿ ಗುಲಾಬಿಯಾಯಿತು. ಒಂಬತ್ತನೇ ದಿನ ಹವಳ ಒಂದು ಬೆರಳು ಚಾಚಿತು. ಹತ್ತನೇ ದಿನ ಪೂರ್ತಿ ಬಿಚ್ಚಿಕೊಂಡಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಫಿಲ್ಟರಿಗೆ ಕೈಮುಗಿಯುವುದೊಂದು ಬಾಕಿ.

ಅವ್ವ ಬಂದವಳು ಬ್ಯಾಗನ್ನೂ ಇಳಿಸದೆ ನೇರ ತೊಟ್ಟಿಯ ಹತ್ತಿರ ಹೋದಳು.

"ನಾನಿಲ್ದಾಗ ಇದ್ಕೆ ಯಾರೂ ಆಕ್ನಿಲ್ವಾ?"

"ಏನ ಹಾಕದು?"

"ಉಳ್ಳಿಕಟ್ಟು."

ಹುರುಳಿ ಬೇಯಿಸಿ ಬಸಿದ ಗಟ್ಟಿ ರಸ! ನಾನು ಗಾಜಿನ ಮೇಲಿನ ಚೀಟಿ ತೋರಿಸಿದೆ.

"ಮೀನಿಗೆ ಹಾಕಬ್ಯಾಡ ಅಂತ ಹೇಳಿರ್ನಿಲ್ವಾ ಅವ್ವ?"

"ಮೀನ್ಗೆ ಒಂದ್ ಅಗಳೂ ಆಕಿಲ್ಲ ಕಣ್ಲಾ, ನಿನ್ನಾಣೆ. ಈ ಬೆರಳಿರೋದಕ್ಕೆ ಆಕ್ತಿದ್ದೆ. ಇದ್ಕೂ ಜೀವ ಅದೆ ಅಂತ ನೀನೇ ಏಳ್ದೆ. ಮೀನಾದ್ರೆ ಎದ್ರುಗೆ ಬಂದು ಕೇಳ್ತವೆ. ಇದು ಎದ್ದು ಬಂದು ಕೇಳಕಾಯ್ತದಾ? ಮೊದ್ಲು ಒಂದ್ ಚಮ್ಚ ಬುಡ್ತಿದ್ದೆ. ಸೊರಗ್ತಾ ಅದೆ ಅಂತ ನೀನು ಊಟ ಬುಟ್ಟು ಕೂತ್ಯಲ್ಲಾ, ಆವತ್ತಿಂದ ಸೌಟಲ್ಲೇ ಬುಟ್ಟೆ. ಉಪ್ಪು ಮಾತ್ರ ಆಕ್ತಿರ್ನಿಲ್ಲ, ನೀರಲ್ಲೇ ಇರ್ತದಲ್ಲಾ."

ಸಿಟ್ಟು ಮಾಡಲು ಹೋದೆ, ಬರಲಿಲ್ಲ. ಮೂರು ವರ್ಷದಲ್ಲಿ ಮನೆಗೆ ಬಂದವರ ಪೈಕಿ ಅದನ್ನು ಪ್ರಾಣಿಯೆಂದು ನಿಜವಾಗಿ ನಂಬಿದವಳು ಅವಳೊಬ್ಬಳೇ. ಮೆತ್ತಗೆ ಹೇಳಿದೆ: "ಅವ್ವ, ನಿನ್ನ ಕಟ್ಟಿಂದ್ಲೇ ಅದು ಮುದುರಿಕೊಂಡಿದ್ದು. ಹತ್ ದಿನ ನೀನು ಹಾಕ್ನಿಲ್ಲ, ಅದಕ್ಕೇ ನೋಡು, ಹೆಂಗೆ ಅರಳಿಕೊಂಡದೆ."

ಅವ್ವ ನೋಡಿದಳು. ಹವಳದ ಹಸಿರು ಬೆರಳುಗಳೆಲ್ಲ ಅವಳ ಕಡೆಗೇ ಚಾಚಿಕೊಂಡು ಅಲ್ಲಾಡುತ್ತಿದ್ದವು. ಅವಳ ಕಣ್ಣಲ್ಲಿ ನೀರು ಬಂತು.

"ಅರಳದೆ ಅಂತಾನೆ, ಪಾಪಿ! ಹತ್ ದಿನದಿಂದ ಒಟ್ಟೆಗಿಲ್ದೆ ಕೈ ನೀಡ್ತಾ ಅದೆ ಕಣ್ಲಾ!"