ಎಂಬತ್ತೆಂಟು ಎಂಬ ಅಂಕಿಯವರಿಗೆ ಬೆಟ್ಟದಪುರದಿಂದ ಅಹವಾಲು

ಬೆರಳಿಗೆ ಕಚ್ಚಿಸುವ ಪುಟ್ಟ ಯಂತ್ರದ ಪರದೆಯಲ್ಲಿ ಮಿನುಗುತ್ತಾ, ಶ್ವಾಸಕೋಶ ಕೆಟ್ಟವರ ಮನೆಗೆ ಆಕ್ಸಿಜನ್ ಮಂಜೂರು ಮಾಡಿಸುವ ಮಹಾಮಹಿಮ ಎಂಬತ್ತೆಂಟರವರ ಸನ್ನಿಧಿಗೆ, ಬೆಟ್ಟದಪುರದ ಹೊಗೆಸೊಪ್ಪು ಬೆಳೆಗಾರ ನಂಜುಂಡಸ್ವಾಮಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವಿಲ್ಲ. ಮದುವೆಯಾಗಿ ಬಂದಾಗಿನಿಂದ ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತುಂಬುತ್ತಾ ಬಂದ ನನ್ನ ಹೆಂಡತಿ ಗುರುಶಾಂತಮ್ಮನಿಗೆ ಈಗ ತಲೆ ಬಾಚಿಕೊಂಡರೂ ದಮ್ಮು ಕಟ್ಟಿ ತುಟಿ ನೇರಳೆಯಾಗುತ್ತದೆ.

ಹುಣಸೂರಿನ ಡಾಕ್ಟರ್ ಐಶ್ವರ್ಯ ಅವರು, ದಮ್ಮು ಬಂದವರಿಗೆಲ್ಲ ಮನೆಯಲ್ಲಿ ಆಕ್ಸಿಜನ್ ಬರೆಯುವುದಿಲ್ಲವೆಂದೂ, ಔಷಧಿ ಸರಿಯಾಗಿ ತೆಗೆದುಕೊಂಡು, ಕಾಯಿಲೆ ಕೆರಳದ ದಿನಗಳಲ್ಲಿ ಸುಮ್ಮನೆ ಕುಳಿತಾಗಲೂ ರಕ್ತದ ಆಕ್ಸಿಜನ್ ತಮ್ಮ ಮಟ್ಟಕ್ಕೋ ಅದಕ್ಕೂ ಕೆಳಗೋ ಇದ್ದರೆ ಮಾತ್ರ ಬರೆಯುವುದೆಂದೂ, ಅಂಥವರಿಗೆ ಅದು ಆಯಸ್ಸು ಕೂಡಿಸುತ್ತದೆಂದೂ ತಿಳಿಸಿದರು. ಅಂದಿನಿಂದ ನಾನು ತಮ್ಮ ಭಕ್ತ. ದೇವರನ್ನು ಇಷ್ಟು ಕರೆದಿದ್ದರೆ ಅವನಾದರೂ ನಾಚಿಕೊಂಡು ಬಂದುಬಿಡುತ್ತಿದ್ದ.

ತಾವೋ, ಮನೆಗೆ ಕೊಂಡು ತಂದ ಬೆರಳಿನ ಯಂತ್ರದಲ್ಲಿ ನಮ್ಮ ಜಗಲಿಗೆ ದಿನವೂ ದರ್ಶನ ಕೊಡುವವರು, ಆಸ್ಪತ್ರೆಯಲ್ಲಿ ಮಾತ್ರ ತೊಂಬತ್ತೊಂದರವರನ್ನು ಮುಂದೆ ಬಿಟ್ಟು ತಲೆಮರೆಸಿಕೊಳ್ಳುತ್ತೀರಿ. ಇದರಲ್ಲಿ ನನ್ನ ಹೆಂಡತಿಯ ಕೈವಾಡವೂ ಇದೆ. ಹರಾಜಿಗೆ ಸೊಪ್ಪಿನ ಮೂಟೆ, ಅಂದರೆ ಬೇಲು, ಕಟ್ಟುವಾಗ ಮೇಲೆ ಹೊಂಬಣ್ಣದ ಎಲೆ, ಒಳಗೆ ದೇವರೇ ಬಲ್ಲ ಎನ್ನುವಂತೆ ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರು ನಮ್ಮೂರಿನಲ್ಲಿಲ್ಲ. ಡಾಕ್ಟರ ಮುಂದೆಯೂ ಅದೇ ಕಸುಬು. ಬೆರಳಿನ ಸೊಪ್ಪಿನಂಟನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ರೇಷ್ಮೆ ಸೀರೆಯುಟ್ಟು, ನೆಟ್ಟಗೆ ಕುಳಿತು, ನರ್ಸಮ್ಮ ಕಲಿಸಿದಂತೆ ತುಟಿ ಚೂಪು ಮಾಡಿ ಉದ್ದುದ್ದ ಉಸಿರು ಬಿಟ್ಟು ಅಂಕಿ ಏರಿಸುತ್ತಾಳೆ. ಯಾಕೆಂದರೆ, "ಡಾಕ್ಟ್ರಮ್ಮನ್ ಮುಂದೆ ಮಾನ ಕಳ್ಕೊಳಕಾಯ್ತದಾ? ಸುಮ್ನಿರಿ." ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೊರಗಿ ಏದುಸಿರಿನಲ್ಲಿ ಕೇಳುತ್ತಾಳೆ: "ಎಂಗೆ, ಪಾಸಾದೆ ಅಲ್ವಾ?"

ಆದ್ದರಿಂದ ತೊಂಬತ್ತು, ತೊಂಬತ್ತೊಂದರವರನ್ನು ಕೂಡಲೇ ಎಚ್.ಡಿ. ಕೋಟೆಯ ಕಾಡಂಚಿಗೆ ವರ್ಗ ಮಾಡಬೇಕೆಂದೂ, ತಾವು ಮುಂದಿನ ಸಲ ನಮ್ಮೊಂದಿಗೇ ಹುಣಸೂರಿನ ಬಸ್ಸು ಹತ್ತಬೇಕೆಂದೂ ಕೋರುತ್ತೇನೆ. ಕಿಟಕಿ ಪಕ್ಕದ ಸೀಟು ತಮಗೇ. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ತಮಟೆ ಬಾರಿಸಿಕೊಂಡು ಕರೆದೊಯ್ಯುವ ಜವಾಬ್ದಾರಿ ನನ್ನದು.

ಇಷ್ಟು ಬರೆದಿಟ್ಟು ಹೋದ ವಾರ ಮತ್ತೆ ಹೋದೆವು. ತಡೆಯಲಾರದೆ ಡಾಕ್ಟರಿಗೆ ಬೇಲಿನ ಕಥೆ ಹೇಳಿಬಿಟ್ಟೆ. ಅವರು ನಕ್ಕು, ಅವಳ ಬೆರಳಿಗೆ ಯಂತ್ರ ಕಚ್ಚಿಸಿ, ಕುರ್ಚಿ ನನ್ನ ಕಡೆ ತಿರುಗಿಸಿಕೊಂಡು ಈ ವರ್ಷದ ಸೊಪ್ಪು ಹೇಗೆ ಬಂತೆಂದು ಕೇಳತೊಡಗಿದರು. ನೋಡುವವರಿಲ್ಲದ ಮೇಲೆ ಗುರುಶಾಂತಮ್ಮ ಶೃಂಗಾರದ ಉಸಿರು ಬಿಟ್ಟು ತನ್ನ ನಿಜವಾದ ಉಸಿರಿಗೆ ಬಂದಳು. ತೊಂಬತ್ತು, ಎಂಬತ್ತೊಂಬತ್ತು, ಆಮೇಲೆ ತಾವು! ತಮ್ಮನ್ನೂ ದಾಟಿ ಎಂಬತ್ತಾರಕ್ಕೆ ನಿಂತಿತು. ಮಣಿಕಟ್ಟಿನಿಂದ ತೆಗೆದ ರಕ್ತವೂ ಅದನ್ನೇ ಹೇಳಿತು. ದಿನಕ್ಕೆ ಕನಿಷ್ಠ ಹದಿನೈದು ಗಂಟೆ ಆಕ್ಸಿಜನ್, ಹತ್ತಿರ ಒಲೆ, ಬೀಡಿ ಸುಳಿಯಕೂಡದು ಎಂದು ಡಾಕ್ಟರು ಬರೆದುಕೊಟ್ಟರು.

ನಾನು "ಬಂತು ಕಣೇ, ಬಂತು!" ಎಂದು ಕುಣಿದು, ಮೈಸೂರು ಪಾಕು ತಂದು, ಕಾರಿಡಾರಿನಲ್ಲಿ ಕುಳಿತವರಿಗೆಲ್ಲ ಹಂಚಿದೆ. ಗುರುಶಾಂತಮ್ಮನೂ ಒಂದು ತುಂಡು ಬಾಯಿಗೆ ಹಾಕಿಕೊಂಡು ಕೇಳಿದಳು: "ಅಲ್ಲ ಕಣ್ರೀ, ನಾನ್ ಫೇಲಾಗಿದ್ದಕ್ಕೆ ಸ್ವೀಟ್ ಅಂಚ್ತಾ ಇದ್ದೀರಾ?"

ಅವಳು ನಕ್ಕಳು. ನಾನು ಉಳಿದ ಪಾಕಿನ ಪೊಟ್ಟಣ ಮಡಚಿಟ್ಟೆ. ನಾನು ಇಷ್ಟು ದಿನ ಯಾರನ್ನು ಕರೆಯುತ್ತಿದ್ದೆನೆಂದು ಆಗ ಗೊತ್ತಾಗಿ ಭಯವಾಯಿತು, ಮಾನ್ಯರೇ.

ಆದಕಾರಣ ಮೇಲಿನ ಕೋರಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ತಮ್ಮಿಂದಾದ ಉಪಕಾರ ದೊಡ್ಡದು. ಇನ್ನು ದಯಮಾಡಿ ಹೊರಡಿ. ತೊಂಬತ್ತೊಂದರವರನ್ನು ಗಂಟುಮೂಟೆ ಸಮೇತ ನಮ್ಮ ಮನೆಗೇ ಕಳಿಸಿಕೊಡಿ.

ಇಂತಿ, ಕರೆದು ಕರೆದು ಈಗ ಬಾಗಿಲು ಹಾಕಿಕೊಳ್ಳುತ್ತಿರುವ
ತಮ್ಮ ವಿಶ್ವಾಸಿ,
ನಂಜುಂಡಸ್ವಾಮಿ

ಮರೆತ ಮಾತು: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಆಕ್ಸಿಜನ್ ಕೊಡುವ ಯಂತ್ರ ಮನೆಗೆ ಬಂತು. ಗುರುಶಾಂತಮ್ಮ ಮೂಗಿಗೆ ನಳಿಗೆ ಹಾಕಿಕೊಂಡು ಮಾಡಿದ ಮೊದಲ ಕೆಲಸವೆಂದರೆ ನನ್ನ ಬೀಡಿ ಕಟ್ಟನ್ನು ತಿಪ್ಪೆಗೆಸೆದು, ತಾವು ಮಿನುಗುವ ಆ ಪುಟ್ಟ ಯಂತ್ರವನ್ನು ನನ್ನ ಬೆರಳಿಗೂ ಕಚ್ಚಿಸಿದ್ದು. ನಾನು ನೆಟ್ಟಗೆ ಕುಳಿತು, ತುಟಿ ಚೂಪು ಮಾಡಿ, ಉದ್ದ ಉಸಿರು ಬಿಟ್ಟೆ. ಅವಳು ಹೇಳಿದ್ದು ಇಷ್ಟೇ: "ನನ್ ತಾವೇ ಬೇಲ್ ಕಟ್ತೀರಾ?"