ಕುನ್‌ಚೆಂಗ್ ಗೋಡೆ ಒಣಗಿಸಿದ್ದು

ತಲೆದಿಂಬಿನ ಪಕ್ಕದ ಗೋಡೆಯಲ್ಲಿ ಒಂದು ಅಣಬೆ ಎದ್ದಿತ್ತು. ಬೆಳಗ್ಗೆ ಕಣ್ಣುಬಿಟ್ಟ ಶ್ಯೂಲಾನ್ ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಅದನ್ನು.

"ಇದೇನಾ ನೀನು ಹೇಳಿದ ಅರಮನೆ?" ಎಂದಳು.

ದಾಶೀ ಪಟ್ಟಣದ ಹಳೆಯ ಪೇಟೆಬೀದಿಯಲ್ಲಿ ಯಾವನೋ ಚಹಾ ವ್ಯಾಪಾರಿ ಅಜ್ಜಂದಿರ ಕಾಲದಲ್ಲಿ ಕಟ್ಟಿಸಿದ ಮನೆ ಅದು. ಮುಂಭಾಗದಲ್ಲಿ ಗಾರೆಯ ನವಿಲುಗಳು, ಒಳಗೆ ರೈಲುಡಬ್ಬಿಯಂತೆ ಒಂದರ ಹಿಂದೊಂದು ಕೋಣೆ. ಬಸ್ ಓಡಿಸಿ ನಿವೃತ್ತನಾದ ಅವಳ ಗಂಡ ಕುನ್‌ಚೆಂಗ್ ಅದನ್ನು ಕೊಂಡು, ಹೆಂಚು ಬದಲಿಸಿ, ನೆಲಕ್ಕೆ ಹಲಗೆ ಹಾಸಿ, ಬಿಸಿನೀರಿನ ತೊಟ್ಟಿ ಕೂರಿಸಿದ್ದ. ಎಲ್ಲವೂ ಅವನ ಮಾತು ಕೇಳಿತ್ತು. ಮಲಗುವ ಕೋಣೆಯ ಆ ಒಂದು ಮಣ್ಣುಗೋಡೆ ಮಾತ್ರ ಪರೀಕ್ಷೆಗೆ ಹೊರಟ ಹುಡುಗನಂತೆ ಸದಾ ಬೆವರುತ್ತಿತ್ತು.

ಶ್ಯೂಲಾನ್ ಚೀಲ ತುಂಬಿಕೊಂಡಳು. "ಅಕ್ಕನ ಮನೆಗೆ ಹೋಗ್ತೀನಿ. ಸಂಜೆ ಬಂದು ಗೋಡೆ ಮುಟ್ಟಿ ನೋಡ್ತೀನಿ. ಕೈ ಒದ್ದೆ ಆಯ್ತು ಅಂದ್ರೆ ಬಂದ ಬಸ್ಸಲ್ಲೇ ವಾಪಸ್."

"ಇವತ್ತು ಗೋಡೆ ಉಳಿಯುತ್ತೋ ನಾನು ಉಳೀತೀನೋ, ನೋಡೇಬಿಡ್ತೀನಿ," ಎಂದ ಕುನ್‌ಚೆಂಗ್.

ಎದುರುಗಡೆ ಸೋಯಾಕಾಳಿನ ಒಣ ತೋಫು ಮಾರುವ ಲ್ಯೋಂಗನ ಬಳಿ ತೋಫು ಒಣಗಿಸುವ ಬಿಸಿಗಾಳಿಯ ಯಂತ್ರವಿತ್ತು. ಕುನ್‌ಚೆಂಗ್ ಅದನ್ನು ತಳ್ಳಿಕೊಂಡು ಬಂದು ಗೋಡೆಗೆ ಮುಖ ಮಾಡಿ ಗುಂಡಿ ಒತ್ತಿದ. ಯಂತ್ರ ಒಮ್ಮೆ ಆನೆಯಂತೆ ಘೀಳಿಟ್ಟಿತು. ಮರುಕ್ಷಣ ಇಡೀ ಬೀದಿಯ ಕರೆಂಟು ಹೋಯಿತು.

ಅರ್ಧ ಬೀದಿ ಅವನ ಮಲಗುವ ಕೋಣೆಯಲ್ಲಿ ನೆರೆಯಿತು. ಕರೆಂಟಿನ ಜಗಳಕ್ಕೆಂದು ಬಂದವರು ಗೋಡೆ ನೋಡಿದ್ದೇ ಜಗಳ ಮರೆತು ಸಲಹೆಗಿಳಿದರು.

"ಸುಣ್ಣ ಬಳಿ ಕುನ್ ಅಣ್ಣ," ಎಂದ ಲ್ಯೋಂಗ್. "ಮೂರು ಕೋಟು ಸುಣ್ಣ. ಆಮೇಲೆ ನನ್ನ ಯಂತ್ರ ವಾಪಸ್ ಕೊಡು."

ವಾರ್ಡಿನ ಮುಖ್ಯಸ್ಥ ಗೋಡೆಗೆ ಕಿವಿಯಿಟ್ಟು ಕೇಳಿದ. "ಇದು ನೀರಲ್ಲ, ಅಳು. ಚಹಾ ವ್ಯಾಪಾರಿಗೆ ಇಬ್ಬರು ಹೆಂಡಿರಂತೆ. ಊದುಬತ್ತಿ ಹಚ್ಚು."

ಗೋಡೆಯ ಆಚೆ ಬದಿಯ ಮನೆ ಬೀ ಚಿಕ್ಕಮ್ಮನದು. ಎರಡು ಮನೆಗೂ ಅದೊಂದೇ ಗೋಡೆ. ಕೈಯಲ್ಲಿ ಶುಂಠಿ ಕಷಾಯದ ಬಟ್ಟಲು ಹಿಡಿದು ಬಂದ ಆಕೆ, "ಅದನ್ನ ಒಣಗಿಸೋಕೆ ಹೋಗಬೇಡ ಕಣೋ. ಹಳೇ ಗೋಡೆ, ಅದರ ಪಾಡಿಗೆ ಬಿಡು. ಮಂಚ ಆ ಕಡೆ ಎಳ್ಕೋ," ಎಂದಳು.

"ಮಂಚ ಯಾಕೆ ಎಳೀಲಿ ಚಿಕ್ಕಮ್ಮ? ನನ್ನ ಮನೆಯಲ್ಲಿ ನಾನು ಗೋಡೆಗೆ ಹೆದರಿ ಮಲಗಬೇಕಾ?"

"ಹೆದರೋದಲ್ಲ ಕಣೋ, ಹೊಂದ್ಕೊಂಡು ಹೋಗೋದು."

"ಮೂವತ್ತು ವರ್ಷ ಬಸ್ಸಲ್ಲಿ ಜನರ ಜೊತೆ ಹೊಂದ್ಕೊಂಡಿದ್ದು ಸಾಕು," ಎಂದು ಕುನ್‌ಚೆಂಗ್ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲಿಗೆ ಚಿಲಕ ಹಾಕಿದ.

ಕರೆಂಟು ಕೈಕೊಟ್ಟರೆ ಬೆಂಕಿಯಿದೆ. ಕಿಟಕಿಗಳನ್ನು ತೆರೆದು, ಹಿತ್ತಿಲಿನಿಂದ ಇದ್ದಿಲ ಒಲೆಗಳನ್ನು ತಂದು ಗೋಡೆಯುದ್ದಕ್ಕೂ ಸಾಲಾಗಿಟ್ಟ. ಹೊಗೆ ಕಂಡು ಯಾರೋ ಅಗ್ನಿಶಾಮಕದವರನ್ನು ಕರೆದರು. ಅವರು ಪೈಪು ಹಿಡಿದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಾಗ ಕುನ್‌ಚೆಂಗ್ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ.

"ಒಂದು ಹನಿ ಇದರ ಮೇಲೆ ಬಿದ್ರೂ ನಾನು ಸುಮ್ಮನಿರಲ್ಲ. ಮೊದಲು ನನ್ನ ಒದ್ದೆ ಮಾಡಿ."

ಬೆನ್ನಿಗೆ ಬಿಸಿ, ಮುಖಕ್ಕೆ ಮಸಿ. ಬೆಂದ ಗೆಣಸಿನಂತಿದ್ದ ಅವನನ್ನು ಕಂಡು ಅವರಿಗೇ ಪಾಪ ಅನ್ನಿಸಿತು. ಒಲೆಗಳನ್ನು ಹತ್ತಿರದಿಂದ ನೋಡಿ, ಬೈದು, ಹೊರಟುಹೋದರು.

ಇಳಿಹೊತ್ತಿಗೆ ಬೀದಿಗೆ ಕರೆಂಟು ಮರಳಿತು, ಗೋಡೆಯ ಬಣ್ಣವೇ ಬದಲಾಯಿತು. ಕುನ್‌ಚೆಂಗ್ ಅಂಗೈ ಒತ್ತಿದ, ಕೆನ್ನೆ ಒತ್ತಿದ. ಹಪ್ಪಳದಂತೆ ಒಣಗಿತ್ತು. ಒಲೆಗಳನ್ನು ಅಂಗಳಕ್ಕೆ ಸಾಗಿಸಿ, ಮುಖ ತೊಳೆದು, ಶರ್ಟು ಬದಲಿಸಿ ಹೆಂಡತಿಗಾಗಿ ಕಾದ.

ಶ್ಯೂಲಾನ್ ಬಂದಳು. ಬೆರಳ ತುದಿಯಿಂದ ಗೋಡೆ ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. "ಪರವಾಗಿಲ್ವೇ," ಎಂದಳು. ಮದುವೆಯಾದ ಮೇಲೆ ಆ ಮಾತು ಅವನ ಕಿವಿಗೆ ಬಿದ್ದದ್ದು ಅಪರೂಪ.

"ಪರವಾಗಿಲ್ಲ ಅಂದ್ರೆ? ಕಲ್ಲು ಇದು, ಕಲ್ಲು," ಎಂದು ಕುನ್‌ಚೆಂಗ್ ಹೆಮ್ಮೆಯಿಂದ ಗೋಡೆಗೆ ಒಂದು ಗುದ್ದು ಕೊಟ್ಟ.

ಗೋಡೆ ಒಮ್ಮೆ ನಿಟ್ಟುಸಿರು ಬಿಟ್ಟಿತು. ಆಮೇಲೆ ಜರಡಿ ಹಿಡಿದ ಹಿಟ್ಟಿನಂತೆ ಮೆಲ್ಲಗೆ ಸುರಿಯತೊಡಗಿ, ನೋಡನೋಡುತ್ತ ಬಾಗಿಲಷ್ಟು ಅಗಲ, ಮಂಚದಷ್ಟು ಅಗಲ ಸುರಿದುಹೋಯಿತು. ಧೂಳು ಇಳಿದಾಗ ಆಚೆ ಕೋಣೆಯಲ್ಲಿ ಬೀ ಚಿಕ್ಕಮ್ಮ ಅನ್ನದ ಬಟ್ಟಲು ಹಿಡಿದು ಟೀವಿ ಮುಂದೆ ಕೂತಿದ್ದಳು. ಪಕ್ಕದಲ್ಲಿ ಒಂದು ಬಕೆಟ್ ನೀರು, ಗಿಡಕ್ಕೆ ಹೊಡೆಯುವ ಪಂಪು.

"ಊಟ ಆಯ್ತಾ?" ಎಂದು ಕೇಳಿದಳು ಚಿಕ್ಕಮ್ಮ.

ಕುನ್‌ಚೆಂಗನ ಕಣ್ಣು ಪಂಪಿನ ಮೇಲಿತ್ತು. "ಅದೇನದು ಚಿಕ್ಕಮ್ಮ?"

"ನೀರು ಕಣೋ. ಇದು ಹೊಳೆಮಣ್ಣಿನ ಗೋಡೆ. ಹಸಿ ಇದ್ದಷ್ಟು ದಿನ ನಿಲ್ಲುತ್ತೆ ಅಂತ ನಮ್ಮ ಯಜಮಾನರು ಹೇಳಿ ಹೋಗಿದ್ರು. ಅವರು ಹೋದಾಗಿಂದ ದಿನಾ ಬೆಳಗ್ಗೆ ಸಂಜೆ ನಾನೇ ಹೊಡೀತಾ ಬಂದೆ. ಇವತ್ತು ನೀನು ಆ ಕಡೆ ಒಣಗಿಸ್ತಾ ಇದ್ದೆ, ನಾನು ಈ ಕಡೆ ಹೊಡೀತಾನೇ ಇದ್ದೆ. ಕೈ ಸೋತು ಎರಡು ತುತ್ತು ತಿನ್ನೋಣ ಅಂತ ಕೂತೆ ನೋಡು."

"ಇದನ್ನ ಮೊದಲೇ ಹೇಳೋದಲ್ವಾ?"

"ಒಣಗಿಸಬೇಡ ಅಂದೆನಲ್ಲಪ್ಪ. ನೀನು ಚಿಲಕ ಹಾಕ್ಕೊಂಡೆ."

ಶ್ಯೂಲಾನ್ ಚೀಲ ಎತ್ತಿಕೊಂಡು, ಮಣ್ಣುರಾಶಿ ದಾಟಿ ಆಚೆ ಹೋಗಿ ಚಿಕ್ಕಮ್ಮನ ಪಕ್ಕದಲ್ಲಿ ಕೂತಳು. ಚಿಕ್ಕಮ್ಮ ಅವಳಿಗೊಂದು ಬಟ್ಟಲು ಬಡಿಸಿದಳು.

ಕುನ್‌ಚೆಂಗ್ ಮಣ್ಣುರಾಶಿಯ ಮೇಲೆ ಹತ್ತಿ ನಿಂತ. ಸೋತೆ ಎಂದು ಒಪ್ಪಿಕೊಳ್ಳುವ ಜನ್ಮ ಅವನದಲ್ಲ. "ನಾಳೆನೇ ಇಟ್ಟಿಗೆ ತರಿಸ್ತೀನಿ. ಅಪ್ಪಟ ಸಿಮೆಂಟಿನ ಗೋಡೆ. ಆಮೇಲೆ ನೋಡ್ತೀನಿ ಯಾರು ಒದ್ದೆ ಮಾಡ್ತಾರೆ ಅಂತ."

"ಕಟ್ಟಪ್ಪ, ಕಟ್ಟು," ಎಂದಳು ಬೀ ಚಿಕ್ಕಮ್ಮ ಪಂಪನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಸಿಮೆಂಟು ಗಟ್ಟಿ ಆಗಬೇಕಾದ್ರೆ ದಿನಾ ನೀರು ಹೊಡೀಬೇಕಂತಲ್ಲ. ಅದನ್ನ ನನಗೆ ಬಿಡು."